ಅದೇ ಮಾದರಿ, ಅದೇ ಅಳತೆ: ಖಣದಲ್ಲಿ ಹೊಲಿದ ರವಿಕೆ ಮಾತ್ರ ಎದೆ ಮತ್ತು ಕಂಕುಳಲ್ಲಿ ಹಿಡಿಯುತ್ತಿದೆ

ನೂಲುಂಡೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹೊಲಿಗೆ ಕಲಿಯುತ್ತಿದ್ದ ಕಾಲದಲ್ಲಿ ಟು ಬೈ ಟು ಎಂಬ ತೆಳು ರವಿಕೆ ಬಟ್ಟೆಯಲ್ಲಿ ನಾನೇ ಕತ್ತರಿಸಿ ಹೊಲಿದ, ಲೈನಿಂಗ್ ಇಲ್ಲದ ಒಂದು ರವಿಕೆ ಇಂದಿಗೂ ನನಗೆ ಹೇಳಿ ಮಾಡಿಸಿದಂತೆ ಕೂಡುತ್ತದೆ. ಅದರ ಕಾಗದದ ಮಾದರಿಯನ್ನು ಜೋಪಾನವಾಗಿ ತೆಗೆದಿಟ್ಟಿದ್ದೆ. ಇಳಕಲ್ ಸೀರೆಯೊಂದಕ್ಕೆ ಜೋಡಿಯಾಗಲೆಂದು ತಂದ ಗುಳೇದಗುಡ್ಡದ ಖಣದಲ್ಲಿ (ರವಿಕೆಗೆಂದೇ ನೇಯುವ ಬಟ್ಟೆ) ಕಳೆದ ವಾರ ಅದೇ ಮಾದರಿಯನ್ನಿಟ್ಟು, ಹತ್ತಿಯ ಲೈನಿಂಗ್ ಕೊಟ್ಟು, ಹೊಸ ರವಿಕೆಯನ್ನು ಹೊಲಿದೆ. ಹುಕ್ಕುಗಳನ್ನು ಹಾಕಿಕೊಂಡರೆ ಮೂರನೆಯ ಹುಕ್ಕಿನ ಬಳಿ ಪಟ್ಟಿ ಬಾಯಿ ಬಿಡುತ್ತದೆ, ಕಂಕುಳಿನಿಂದ ಎದೆಯ ಕಡೆಗೆ ಓರೆಯಾಗಿ ಎರಡು ನೆರಿಗೆಗಳು ಏಳುತ್ತವೆ, ಕೈಯನ್ನು ಮೇಲೆತ್ತಿದರೆ ರವಿಕೆಯೇ ಮೇಲಕ್ಕೆ ಬರುತ್ತದೆ.

ನನ್ನ ಮೈ ಅಳತೆ ಬದಲಾಗಿಲ್ಲ, ಏಕೆಂದರೆ ಹಳೆಯ ರವಿಕೆ ಈಗಲೂ ಸರಿಯಾಗಿದೆ. ಎರಡೂ ಪಕ್ಕದ ಹೊಲಿಗೆಗಳನ್ನು ಕಾಲು ಇಂಚಿನಷ್ಟು ಬಿಡಿಸಿ ನೋಡಿದೆ. ಸೊಂಟದಲ್ಲಿ ಸಡಿಲವಾಯಿತೇ ಹೊರತು ಮೇಲಿನ ಬಿಗಿ ಹೋಗಲಿಲ್ಲ. ಕಂಕುಳ ಸುತ್ತನ್ನು ಇನ್ನೂ ಆಳವಾಗಿ ಕತ್ತರಿಸಲೇ?

ಗುಂಡುಸೂಜಿ:

ದಯವಿಟ್ಟು ಕತ್ತರಿಯನ್ನು ಕೆಳಗಿಡಿ. ಮೊದಲು ಎರಡು ಸಂಗತಿಗಳನ್ನು ನೋಡಿಕೊಳ್ಳಿ. ತೋಳಿನ ಮುಂಭಾಗದ ಬಾಗು ಹಿಂಭಾಗಕ್ಕಿಂತ ಹೆಚ್ಚು ಒಳಕ್ಕೆ ಕೊರೆದಿರುತ್ತದೆ. ಎಡ ಮತ್ತು ಬಲ ತೋಳುಗಳು ಅದಲುಬದಲಾಗಿದ್ದರೆ ನೀವು ಹೇಳಿದಂಥ ನೆರಿಗೆಗಳೇ ಬರುತ್ತವೆ. ಎರಡನೆಯದಾಗಿ, ಲೈನಿಂಗನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿದ್ದಿರಾ?

ನೂಲುಂಡೆ:

ತೋಳುಗಳು ಸರಿಯಾಗಿವೆ, ಬಿಚ್ಚಿ ನೋಡಿದೆ. ಲೈನಿಂಗನ್ನು ನೆನೆಸಿರಲಿಲ್ಲ, ಅದು ನನ್ನ ತಪ್ಪು. ಆದರೆ ರವಿಕೆಯನ್ನು ಇನ್ನೂ ಒಮ್ಮೆಯೂ ಒಗೆದಿಲ್ಲವಾದ್ದರಿಂದ ಬಿಗಿತಕ್ಕೆ ಅದು ಕಾರಣವಾಗಲಾರದು ಎನಿಸುತ್ತದೆ.

ಗುಂಡುಸೂಜಿ:

ನಿಮ್ಮ ತರ್ಕ ಸರಿಯಾಗಿದೆ. ಆದರೂ ಮೊದಲ ಒಗೆತದ ನಂತರ ಲೈನಿಂಗ್ ಕುಗ್ಗಿ ರವಿಕೆ ಇನ್ನಷ್ಟು ಬಿಗಿಯಾಗಬಹುದು ಎಂಬುದನ್ನು ನೆನಪಿಟ್ಟುಕೊಂಡೇ ರಿಪೇರಿ ಮಾಡಿ.

ಕತ್ತರಿಕೈ:

ನೂಲುಂಡೆಯವರೇ, ಹಳೆಯ ರವಿಕೆಯ ಮುಂಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹುಕ್ಕುಪಟ್ಟಿಯ ಪಕ್ಕದಲ್ಲಿ ಬಟ್ಟೆಯ ಎಳೆಗಳು ನೇರವಾಗಿ ಕೆಳಗಿಳಿಯುತ್ತವೆಯೋ ಓರೆಯಾಗಿ ಹೋಗುತ್ತವೆಯೋ ನೋಡಿ ಹೇಳುವಿರಾ? ಹೊಸದರಲ್ಲಿ ಹೇಗಿದೆ ಎಂಬುದನ್ನೂ ತಿಳಿಸಿ. ನಿಮ್ಮ ಖಣದ ಅಗಲ ಎಷ್ಟು?

ನೂಲುಂಡೆ:

ಹಳೆಯದರಲ್ಲಿ ಎಳೆಗಳು ಓರೆಯಾಗಿವೆ! ಹಿಂಭಾಗದಲ್ಲಿ ಮಾತ್ರ ನೇರವಾಗಿವೆ. ಹೊಸದರಲ್ಲಿ ಎಲ್ಲವೂ ನೇರ. ಖಣದ ಅಗಲ 30 ಇಂಚು ಮಾತ್ರ ಇದ್ದುದರಿಂದ ಬಟ್ಟೆ ಉಳಿಯಲೆಂದು ನೇರವಾಗಿ ಇಟ್ಟು ಕತ್ತರಿಸಿದ್ದೆ. ಕಾಗದದ ಮೇಲೆ ಯಾವ ಗುರುತೂ ಇರಲಿಲ್ಲ.

ಕತ್ತರಿಕೈ:

ಹಾಗಾದರೆ ಕಾರಣ ಸಿಕ್ಕಿತು. ನೀವು ಹಳೆಯದನ್ನು ಕ್ರಾಸ್ ಕಟ್ಟಿನಲ್ಲಿ, ಅಂದರೆ ಮುಂಭಾಗವನ್ನು ಓರೆಯಾಗಿಟ್ಟು ಕತ್ತರಿಸಿ, ಹೊಲಿದಿದ್ದಿರಿ. ನೇಯ್ದ ಬಟ್ಟೆಯನ್ನು ಹಾಸಿನ (ಉದ್ದದ) ಎಳೆಯ ಗುಂಟ ಅಥವಾ ಹೊಕ್ಕಿನ (ಅಡ್ಡ) ಎಳೆಯ ಗುಂಟ ಎಳೆದರೆ ಅದು ಹೆಚ್ಚು ಜಗ್ಗುವುದಿಲ್ಲ, ಆದರೆ ಎರಡರ ನಡುವೆ 45 ಡಿಗ್ರಿ ಓರೆಯಾಗಿ ಎಳೆದರೆ ಚೆನ್ನಾಗಿ ಜಗ್ಗುತ್ತದೆ. ಹಳೆಯ ರವಿಕೆಯ ಅಳತೆಯಲ್ಲಿ ಇಲ್ಲದ ಸಡಿಲವನ್ನು ಈ ಜಗ್ಗುವಿಕೆಯೇ ಒದಗಿಸುತ್ತಿತ್ತು. ಇದರ ಮೇಲೆ ನೇರವಾಗಿ ಕತ್ತರಿಸಿದ ಲೈನಿಂಗ್ ಬೇರೆ ಸೇರಿದೆ. ಒಂದು ವೇಳೆ ನೀವು ಖಣವನ್ನು ಓರೆಯಾಗಿ ಕತ್ತರಿಸಿ, ಲೈನಿಂಗನ್ನು ಮಾತ್ರ ನೇರವಾಗಿ ಇಟ್ಟಿದ್ದರೂ ಇದೇ ತೊಂದರೆ ಬರುತ್ತಿತ್ತು. ಒಳಗಿನ ಬಟ್ಟೆ ಜಗ್ಗದಿದ್ದರೆ ಹೊರಗಿನದೂ ಜಗ್ಗಲಾರದು.

ಕಂಕುಳ ಸುತ್ತನ್ನು ಆಳ ಮಾಡಬೇಡಿ. ಬಿಗಿಯಾದಾಗ ನಮಗೆಲ್ಲ ಮೊದಲು ಹೊಳೆಯುವುದು ಅದೇ, ಆದರೆ ಕಂಕುಳು ಕೆಳಗಿಳಿದಷ್ಟೂ ಕೈ ಎತ್ತಿದಾಗ ಪಕ್ಕದ ಬಟ್ಟೆಯೆಲ್ಲ ತೋಳಿನ ಜೊತೆಗೆ ಮೇಲೇಳುತ್ತದೆ. ಈಗಾಗಲೇ ಹೊಲಿದದ್ದನ್ನು ಉಳಿಸಿಕೊಳ್ಳಲು, ಪಕ್ಕದ ಹೊಲಿಗೆ ಮತ್ತು ತೋಳಿನ ಹೊಲಿಗೆ ಕೂಡುವ ಜಾಗವನ್ನು ಸುತ್ತ ಒಂದೂವರೆ ಇಂಚಿನಷ್ಟು ಬಿಚ್ಚಿ, ಖಣದಲ್ಲೂ ನೆನೆಸಿದ ಲೈನಿಂಗಿನಲ್ಲೂ ಮೂರು ಇಂಚಿನ ಚೌಕದ ತುಂಡನ್ನು ಓರೆಯಾಗಿ ಕತ್ತರಿಸಿ ಅಲ್ಲಿ ಕೂಡಿಸಿ. ಅದರ ಮೂಲೆಗಳಲ್ಲಿ ಹೊಲಿಗೆ ನಿಲ್ಲಿಸಿ, ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿ, ಯಂತ್ರದ ಪಾದವನ್ನು ಎತ್ತಿ ಬಟ್ಟೆಯನ್ನು ತಿರುಗಿಸಬೇಕು. ಇಲ್ಲಿ ಅವಸರ ಮಾಡಿದರೆ ಮೂಲೆಯಲ್ಲಿ ಗಂಟು ಬೀಳುತ್ತದೆ. ಎದೆಯ ಬಿಗಿಗಾಗಿ ಪಕ್ಕದಲ್ಲಿ ಉಳಿದ ಮಾರ್ಜಿನನ್ನು (ಹೊಲಿಗೆಯಾಚೆಗಿನ ಹೆಚ್ಚುವರಿ ಬಟ್ಟೆಯನ್ನು) ಎದೆಯ ಮಟ್ಟದಲ್ಲಿ ಮಾತ್ರ ಬಿಟ್ಟು, ಸೊಂಟದ ಕಡೆಗೆ ಹಳೆಯ ಗೆರೆಗೆ ಸೇರಿಸಿ.

ಮುಂದಿನ ರವಿಕೆಗೆ, ಖಣದ ಸಣ್ಣ ಅಗಲದಲ್ಲಿ ಪೂರ್ಣ ಕ್ರಾಸ್ ಕಟ್ಟಿಗೆ ಹೋಗುವುದು ದುಬಾರಿ, ಅಲ್ಲದೆ ಖಣದ ನೇರ ಬುಟ್ಟಿಗಳು (ನೇಯ್ದ ಚಿತ್ತಾರಗಳು) ಓರೆಯಾಗಿ ನಿಲ್ಲುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಅದರ ಬದಲು ಮುಂಭಾಗದ ಮಾದರಿಯಲ್ಲಿ ಕಂಕುಳ ಸುತ್ತಿನ ನಡುವಿನಿಂದ ಎದೆಯ ಬಿಂದುವಿನ ಮೂಲಕ ಸೊಂಟದವರೆಗೆ ಗೆರೆ ಎಳೆದು, ಟಕ್ಸ್ (ಎದೆಯ ಉಬ್ಬಿಗಾಗಿ ಹಿಡಿಯುವ ಮಡಿಕೆ) ಜಾಗವನ್ನು ಕಾಗದದಲ್ಲೇ ಮುಚ್ಚಿ, ಪ್ರಿನ್ಸೆಸ್ ಕಟ್ (ಆ ಗೆರೆಯಲ್ಲಿ ಎರಡು ತುಂಡಾಗಿಸಿ ಹೊಲಿಯುವ ಬಗೆ) ಮಾಡಿಕೊಳ್ಳಿ. ಎದೆಯ ಮಟ್ಟದಲ್ಲಿ ಆ ಗೆರೆಯ ಎರಡೂ ಅಂಚುಗಳಿಗೆ ಕಾಲು ಕಾಲು ಇಂಚು ಸೇರಿಸಿದರೆ, ಎರಡು ಬದಿ ಕೂಡಿ ಒಟ್ಟು ಒಂದು ಇಂಚು ಸಡಿಲ ಸಿಗುತ್ತದೆ. ತೋಳಿನ ದಪ್ಪದ ಅಳತೆಗೂ ಅರ್ಧ ಇಂಚು ಕೂಡಿಸಿ. ಇದನ್ನು ಮೊದಲು ಹಳೆಯ ಪಂಚೆಯೊಂದರಲ್ಲಿ ನೇರ ಎಳೆಯಲ್ಲೇ ಕತ್ತರಿಸಿ ಹಾಕಿಕೊಂಡು ನೋಡಿ.

ಗುಂಡುಸೂಜಿ:

ಮಾದರಿಯ ಕಾಗದದ ಮೇಲೆ ಎಳೆಯ ದಿಕ್ಕಿಗೆ ಬಾಣದ ಗುರುತು, ಯಾವ ಬಟ್ಟೆ, ಲೈನಿಂಗ್ ಇದೆಯೋ ಇಲ್ಲವೋ, ಮಾರ್ಜಿನ್ ಸೇರಿದೆಯೋ ಇಲ್ಲವೋ, ಇಷ್ಟನ್ನು ಇಂದೇ ಬರೆದುಬಿಡಿ. ಮಕ್ಕಳ ಪುಸ್ತಕಕ್ಕೆ ಹಾಕುವ ಬ್ರೌನ್ ಶೀಟ್ ಮೇಲೆ ಬಾಲ್ ಪೆನ್ನಿನಲ್ಲಿ ಬರೆದದ್ದು ಚಾಕಿನಂತೆ ಅಳಿಸಿಹೋಗುವುದಿಲ್ಲ.

ನೂಲುಂಡೆ (ಹತ್ತು ದಿನಗಳ ನಂತರ):

ಇಬ್ಬರಿಗೂ ಧನ್ಯವಾದಗಳು. ಕಂಕುಳಿಗೆ ಚೌಕ ಕೂಡಿಸಿದ ಮೇಲೆ ಕೈ ಸರಾಗವಾಗಿ ಮೇಲೇಳುತ್ತಿದೆ. ಬಲಗಡೆಯ ಒಂದು ಮೂಲೆ ನೀವು ಎಚ್ಚರಿಸಿದಂತೆಯೇ ಗಂಟಾಯಿತು, ಅದನ್ನು ಬಿಚ್ಚಿ ಕೈಹೊಲಿಗೆಯಲ್ಲಿ ಮುಗಿಸಿದೆ. ಪಂಚೆಯ ಪ್ರಯೋಗವೂ ಎದೆಯಲ್ಲಿ ಸರಿಬಂತು. ಆದರೆ ಅದರಲ್ಲಿ ಹಿಂದಿನ ಕೊರಳು ಮೈಗೆ ಕೂಡದೆ ಸ್ವಲ್ಪ ಎದ್ದು ನಿಲ್ಲುತ್ತಿದೆ. ಕೊರಳಿಗೆ ನೇರ ಪಟ್ಟಿಯನ್ನೇ ಹಚ್ಚಿದ್ದೆ.

ಕತ್ತರಿಕೈ:

ಇಲ್ಲಿ ಮಾತ್ರ ಓರೆ ಬೇಕೇಬೇಕು. ಒಂದೂಕಾಲು ಇಂಚು ಅಗಲದ ಪಟ್ಟಿಯನ್ನು ಕ್ರಾಸಿನಲ್ಲಿ ಕತ್ತರಿಸಿ, ಹಚ್ಚುವಾಗ ರವಿಕೆಯನ್ನು ಎಳೆಯದೆ ಪಟ್ಟಿಯನ್ನಷ್ಟೇ ತುಸು ಎಳೆದು ಹಿಡಿಯಿರಿ. ಮಗುಚಿ ಹೊಲಿಯುವ ಮೊದಲು ಬಾಗಿದ ಜಾಗದಲ್ಲಿ, ಹೊಲಿಗೆಗೆ ತಾಗದಂತೆ, ಅರ್ಧ ಇಂಚಿಗೊಂದರಂತೆ ಕತ್ತರಿಯಿಂದ ಕಚ್ಚು ಹಾಕಿ.