ರಾತ್ರಿ ಗಾಳಕ್ಕೆ ಹೋದಾಗ ಹೊಳೆಯಲ್ಲಿ ಕೇಳಿಸುವ ಕೂಗು: ಅನುಭವವಿದ್ದವರು ತಿಳಿಸಿ

ಪ್ರಶ್ನೆ, ತೀರ್ಥಹಳ್ಳಿ ಕಡೆಯಿಂದ

ಕಳೆದ ವಾರ ನಾನು ಮತ್ತು ಇಬ್ಬರು ಗೆಳೆಯರು ತುಂಗಾ ಹೊಳೆಯ ದಡದಲ್ಲಿ ಗಾಳ ಹಾಕಿ ಕುಳಿತಿದ್ದೆವು. ನಡುರಾತ್ರಿ ಕಳೆದ ಮೇಲೆ ಆಚೆ ದಡದಿಂದ ಯಾರೋ ಅತ್ತಂತೆ ಸದ್ದು ಬಂತು. ಸ್ವಲ್ಪ ಹೊತ್ತಿಗೆ ನನ್ನ ಹೆಸರು ಹಿಡಿದು ಕರೆದಂತಾಯಿತು. ಗೆಳೆಯ ಟಾರ್ಚ್ ಬಿಟ್ಟರೆ ಮಂಜಿನಲ್ಲಿ ಆಳೆತ್ತರಕ್ಕೂ ಮಿಗಿಲಾದ ಕರಿ ಆಕೃತಿ. ಗಾಳ ಅಲ್ಲೇ ಬಿಟ್ಟು ಓಡಿ ಬಂದೆವು. ಮರುದಿನದಿಂದ ಒಬ್ಬನಿಗೆ ಜ್ವರ. ತಾಯತ ಕಟ್ಟಿಸೋಣ ಎಂದು ಅಮ್ಮ ಪಟ್ಟು ಹಿಡಿದಿದ್ದಾರೆ. ನಿಮಗೆ ಯಾರಿಗಾದರೂ ಹೀಗೆ ಆಗಿದೆಯೇ? ಇನ್ನು ಮುಂದೆ ಹೋಗಬಹುದೇ?

ಹೊಸಪೇಟೆ ಕಡೆಯವರು

ತಮ್ಮಾ, ನಮ್ಮದು ತುಂಗಭದ್ರೆಯ ದಂಡೆಯಲ್ಲಿ ಹರಿಗೋಲಿನ ಮೇಲೆ ಬಲೆ ಬಿಡುವ ಮನೆತನ. ಅಳುವ ಸದ್ದನ್ನು ನಾವೆಲ್ಲ ಕೇಳಿದ್ದೇವೆ. ನಮ್ಮಲ್ಲಿ ಅದು ಹೆಚ್ಚಾಗಿ ನೀರುನಾಯಿ. ಹಿಂಡು ಚದುರಿದಾಗ ಒಂದನ್ನೊಂದು ಕೀಚಲು ದನಿಯಲ್ಲಿ ಕರೆಯುತ್ತವೆ. ಬಂಡೆಗಳ ನಡುವೆ ಆ ದನಿ ತಿರುಗಿ ಬಂದರೆ ಎದೆ ಝಲ್ಲೆನ್ನುತ್ತದೆ. ಅವುಗಳಿಗಾಗಿಯೇ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ನದಿಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಬಲೆಯಲ್ಲಿ ಅರ್ಧ ತಿಂದ ಮೀನು ಸಿಕ್ಕರೆ ಹಿಂದಿನವರು ಪಿಶಾಚಿಯ ಪಾಲು ಎನ್ನುತ್ತಿದ್ದರು. ಬೆಳಿಗ್ಗೆ ಕೆಸರಿನಲ್ಲಿ ಹೆಜ್ಜೆ ನೋಡಿದರೆ ಬೆರಳುಗಳ ನಡುವಿನ ಚರ್ಮದ ಗುರುತೂ ಕಾಣುತ್ತದೆ. ಮಲೆನಾಡಿನ ಹೊಳೆಗಳಲ್ಲೂ ನೀರುನಾಯಿಗಳಿವೆ. ಹಗಲಿನಲ್ಲಿ ಹೋಗಿ ಬಿಟ್ಟುಬಂದ ಗಾಳ ಎತ್ತಿಕೊಳ್ಳಿ. ಕೊಕ್ಕೆ ನುಂಗಿ ಒಂದು ಜೀವ ಸಾಯುವುದು ಬೇಡ.

ನಮಗೆ ಭೂತಕ್ಕಿಂತ ನೀರಿನ ಭಯ ದೊಡ್ಡದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತಲೆಯ ಮೇಲೆ ಮೋಡವಿಲ್ಲದಿದ್ದರೂ ಹೊಳೆ ಏರಬಹುದು ಎಂಬುದನ್ನು ಕೆಳದಂಡೆಯವರು ಮರೆಯುವಂತಿಲ್ಲ. ಕೂತ ಕೂಡಲೇ ನೀರಂಚಿಗೆ ಒಂದು ಕಡ್ಡಿ ನೆಡಿ. ಅದು ಮುಳುಗಿದರೆ ಎದ್ದು ಮೇಲಕ್ಕೆ ಬನ್ನಿ, ಮೀನು ಕಚ್ಚಿರಲಿ, ಬಿಟ್ಟಿರಲಿ.

ಕುಮಟಾ ಕಡೆಯವರು

ನಾವು ಅಘನಾಶಿನಿಯ ಅಳಿವೆಯವರು. ಗಜನಿಯ, ಅಂದರೆ ಭರತದ ಉಪ್ಪುನೀರು ಒಳಬರುವ ತಗ್ಗು ಗದ್ದೆಯ, ತೂಬಿನ ಬಾಯಿಗೆ ಬಲೆ ಕಟ್ಟಿ, ಇಳಿತಕ್ಕೆ ಕಾದು, ಸಿಗಡಿ ಹಿಡಿಯುತ್ತೇವೆ. ಭರತ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ಕೆಲವು ದಿನ ನಮ್ಮ ಕೆಲಸ ಶುರುವಾಗುವುದೇ ಊರು ಮಲಗಿದ ಮೇಲೆ. ಕೊಳ್ಳಿದೆವ್ವದ ಕತೆ ಇಲ್ಲಿ ಮನೆಮನೆಯಲ್ಲಿದೆ. ಬೆಳಕು ಹೊತ್ತಿ, ಆರಿ, ಇನ್ನೊಂದೆಡೆ ಹೊತ್ತುತ್ತದೆ ಎನ್ನುತ್ತಾರೆ. ನನ್ನ ಅಪ್ಪ ಸೂಡಿ ಹಿಡಿದು ನಡೆಯುತ್ತಿದ್ದ ಕಾಲದವರು. ಒಣ ತೆಂಗಿನ ಗರಿಯ ಸೂಡಿಯನ್ನು ಬೀಸುತ್ತಿದ್ದರಷ್ಟೇ ಉರಿ ಏಳುತ್ತದೆ. ಕೈ ನಿಂತರೆ ಕೆಂಡ ಮಾತ್ರ. ದೂರದಿಂದ ನೋಡುವವರಿಗೆ ಬೀಸುವ ಕೈ ಕಾಣುವುದಿಲ್ಲ, ಬೆಳಕಷ್ಟೇ ಕಾಣುತ್ತದೆ. ಊರವರು ಹೆದರಿ ಹೇಳಿದ ಎಷ್ಟೋ ಬೆಳಕುಗಳು ಅಪ್ಪನದೋ ಚಿಕ್ಕಪ್ಪನದೋ ಆಗಿದ್ದವು.

ನಿಮ್ಮ ಕರಿ ಆಕೃತಿಯ ಬಗ್ಗೆ ಒಂದು ಮಾತು. ಚಳಿಗಾಲದಲ್ಲಿ ಗಾಳಿ ತಣ್ಣಗಿದ್ದು ನೀರು ಬೆಚ್ಚಗಿದ್ದರೆ ಹೊಳೆಯಿಂದ ಹಬೆಯೆದ್ದು ಮಂಜು ಕಟ್ಟುತ್ತದೆ. ಟಾರ್ಚ್ ಹಿಡಿದವನು ಹಿಂದಿದ್ದು ನೀವು ಮುಂದಿದ್ದರೆ ನಿಮ್ಮದೇ ನೆರಳು ಆ ಮಂಜಿನ ಮೇಲೆ ಬೀಳುತ್ತದೆ, ಅದೂ ದೈತ್ಯಾಕಾರವಾಗಿ. ಮತ್ತೆ ಕಂಡರೆ ಓಡಬೇಡಿ, ಕೈ ಮೇಲೆತ್ತಿ ನೋಡಿ. ಅದೂ ಎತ್ತಿದರೆ ಸಮಾಧಾನವಾಗುತ್ತದೆ. ಕತ್ತಲಲ್ಲಿ ಪಾಚಿ ಹಿಡಿದ ಕಲ್ಲಿನ ಮೇಲೆ ಓಡಿದಿರಲ್ಲ, ನನಗೆ ನಿಜವಾಗಿ ಗಾಬರಿಯಾದದ್ದು ಆ ಮಾತು ಓದಿದಾಗ.

ಹಾಗೆಂದು ಎಲ್ಲದಕ್ಕೂ ಉತ್ತರವಿದೆ ಎಂದು ನಾನು ವಾದಿಸುವುದಿಲ್ಲ. ದೋಣಿಯ ಅಡಿಯಿಂದ ಗೊರಗೊರ ಸದ್ದು ಬರುವುದುಂಟು. ಗಾಳಿಚೀಲ ಅದುರಿಸಿ ಸದ್ದು ಮಾಡುವ ಮೀನುಗಳಿವೆ, ಮರದ ಹಲಗೆಗೆ ಕಿವಿಯಿಟ್ಟರೆ ಚೆನ್ನಾಗಿ ಕೇಳಿಸುತ್ತದೆ. ಅದು ಗೊತ್ತಿದ್ದೂ ಒಂದು ತಿರುವಿನಲ್ಲಿ ಅಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿ ಕೈಮುಗಿಯುತ್ತಿದ್ದರು. ಅಲ್ಲಿ ದೋಣಿ ಮಗುಚಿ ನಮ್ಮವರು ತೀರಿಕೊಂಡಿದ್ದರು. ನಾನೂ ಅಲ್ಲಿ ಕೈಮುಗಿಯುತ್ತೇನೆ, ನನ್ನ ಮಗನೂ ಮುಗಿಯುತ್ತಾನೆ. ಅಲ್ಲಿ ಸುಳಿಯಿದೆ ಎಂದು ಅವನಿಗೆ ಬೇರೆಯಾಗಿ ಹೇಳಬೇಕಾಗಿ ಬರಲಿಲ್ಲ.

ಸಾಗರದಿಂದ ಒಬ್ಬ ಶುಶ್ರೂಷಕಿ

ಉಳಿದದ್ದೆಲ್ಲ ಆಮೇಲಿರಲಿ. ಜ್ವರ ಬಂದ ಗೆಳೆಯನನ್ನು ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ನೀವಿರುವುದು ಮಂಗನ ಕಾಯಿಲೆಯ ಸೀಮೆಯಲ್ಲಿ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಅದು. ಉಣುಗು ಕಚ್ಚಿದ ಕೆಲವು ದಿನಗಳ ಮೇಲೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಹಿಡಿಯುತ್ತದೆ. ಹಾಗಾಗಿ ಆ ರಾತ್ರಿಯೊಂದನ್ನೇ ಲೆಕ್ಕ ಹಾಕಬೇಡಿ, ಅದಕ್ಕೂ ಮುಂಚೆ ಕಾಡಿಗೆ, ತೋಟಕ್ಕೆ ಹೋಗಿದ್ದನೇ ಎಂದು ನೆನಪಿಸಿಕೊಂಡು ವೈದ್ಯರಿಗೆ ಹೇಳಿ. ನಿಂತ ನೀರು, ಕೆಸರು ತುಳಿಯುವವರಿಗೆ ಇಲಿಜ್ವರವೂ ಬರುತ್ತದೆ. ಕಾಲಿನಲ್ಲಿ ಗಾಯವಿದ್ದರೆ ಅದನ್ನೂ ತಿಳಿಸಿ.

ಅಮ್ಮನ ಜೊತೆ ಜಗಳಕ್ಕೆ ನಿಲ್ಲಬೇಡಿ. ತಾಯತ ಕಟ್ಟಿದ ಕೈಯಿಂದಲೇ ರಕ್ತಪರೀಕ್ಷೆಗೆ ರಕ್ತ ತೆಗೆಯುವುದು ನಮಗೆ ದಿನನಿತ್ಯದ ಕೆಲಸ. ತಾಯತ ಕಟ್ಟಿಸಿದ ಮೇಲೆ ನೋಡೋಣ ಎಂದು ಎರಡು ದಿನ ಕಾಯುತ್ತಾರಲ್ಲ, ಆ ಕಾಯುವಿಕೆ ಕೆಟ್ಟದ್ದು.

ತೀರ್ಥಹಳ್ಳಿಯ ಹಿರಿಯರೊಬ್ಬರು

ಮಗೂ, ಹೆಸರು ಹಿಡಿದು ಕರೆದದ್ದರ ಬಗ್ಗೆ ಯಾರೂ ಹೇಳಲಿಲ್ಲ. ತಣ್ಣನೆಯ ರಾತ್ರಿ ಹೊಳೆಯ ಮೇಲೆ ಮಾತು ಬಹಳ ದೂರ ಸಾಗುತ್ತದೆ. ಆಚೆ ದಡದ ಮನೆಯಲ್ಲಿ ಬೇರೆ ಯಾರನ್ನೋ ಕರೆದದ್ದು ಪಕ್ಕದಲ್ಲೇ ನುಡಿದಂತೆ ಕೇಳುತ್ತದೆ. ಆದರೂ ನಾನು ಕೇಳಿಸಿಕೊಂಡ ಒಂದು ಕರೆಗೆ ಈ ವಿವರಣೆ ಹೊಂದುವುದಿಲ್ಲ. ಅದು ತೀರಿಹೋದ ನನ್ನ ಅಣ್ಣನ ದನಿ, ನನ್ನ ಮನೆಯ ಹೆಸರು. ನಾನು ಓಗೊಡಲಿಲ್ಲ, ಅತ್ತ ಹೋಗಲೂ ಇಲ್ಲ.

ರಾತ್ರಿ ಮೂರು ಸಲ ಕರೆಯುವ ತನಕ ಓಗೊಡಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹೊಳೆಯ ಬದಿಯಲ್ಲಿ ಇದಕ್ಕಿಂತ ಒಳ್ಳೆಯ ನಿಯಮ ನಾನು ಕಂಡಿಲ್ಲ. ದನಿ ಬಂದ ದಿಕ್ಕಿಗೆ ಕತ್ತಲಲ್ಲಿ ಹೆಜ್ಜೆಯಿಟ್ಟವನು ಮಡುವಿಗೆ ಬೀಳುತ್ತಾನೆ. ನೀವು ಮೂವರೂ ಒಂದು ಶಿಳ್ಳೆಯನ್ನು ಗೊತ್ತು ಮಾಡಿಕೊಳ್ಳಿ. ಶಿಳ್ಳೆ ಕೇಳಿದರೆ ಮಾತ್ರ ಎದ್ದು ಹೋಗಿ. ಹೆಸರು ಕೂಗುವುದು ಬೇಡ, ಕುಡಿದು ಕೂರುವುದಂತೂ ಬೇಡವೇ ಬೇಡ. ಛಿಪ್ಪಲಗುಡ್ಡೆಯ ಮತ್ಸ್ಯಧಾಮದ ಕಡೆಗೆ ಗಾಳ ಒಯ್ಯಲೇಬಾರದು, ಅಲ್ಲಿ ಮೀನು ಹಿಡಿಯುವಂತಿಲ್ಲ.

ಮತ್ತೆ ಹೋಗುವ ಮನಸ್ಸಿದ್ದರೆ ಮೊದಲು ನೀವು ಕೂತಿದ್ದ ಜಾಗ ಯಾವುದೆಂದು ಹೇಳಿ. ಈ ದಂಡೆಯ ಕಲ್ಲು, ಮಡು ನನಗೆ ಗೊತ್ತಿವೆ. ಎಲ್ಲಿ ಕಾಲಿಡಬಾರದೆಂದು ಹಗಲಿನಲ್ಲೇ ಬಂದು ತೋರಿಸುತ್ತೇನೆ.