ಲಕ್ವಾ ಹೊಡೆದ ಮಾಜಿ ಸೈನಿಕರಿಗೆ ಮನೆಯಲ್ಲಿ ಆರೈಕೆ: ಡಿಸ್ಚಾರ್ಜ್‌ಗೆ ಮುಂಚೆ ಏನೇನು ಬೇಕು?

ಮಾನ್ವಿ_ಓದುಗ: ಅಪ್ಪಾಜಿ ಸೇನೆಯಿಂದ ನಿವೃತ್ತ ಹವಾಲ್ದಾರ್, ವಯಸ್ಸು 76, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದೆ. ಎಡಭಾಗ ಬಿದ್ದಿದೆ. ಮೂಗಿನ ನಳಿಗೆ, ಮೂತ್ರದ ಪೈಪ್ ಹಾಕಿಯೇ ಮನೆಗೆ ಕಳಿಸುತ್ತಾರಂತೆ. ಆಯಾ ಸಾಕೇ, ನರ್ಸ್ ಬೇಕೇ? ಸಾಮಾನು, ಕಾಗದಪತ್ರ ಏನೇನು ನೋಡಿಕೊಳ್ಳಬೇಕು?

ವಾರ್ಡ್_ಸಿಸ್ಟರ್, ರಾಯಚೂರು: ಮೈ ತೊಳೆಯೋದು, ಹೊರಳಿಸೋದು, ನಳಿಗ್ಯಾಗ ಊಟ ಕೊಡೋದು ಆಯಾನ ಕೈಲೆ ಆಗತೈತಿ. ಆದ್ರ ಡಿಸ್ಚಾರ್ಜ್‌ಗೆ ಮೊದ್ಲ ವಾರ್ಡಿನ್ಯಾಗ ಆಕಿ ಕೈಲೆನ ಮಾಡಿಸಿ ಕಲಿಸ್ರಿ. ನಳಿಗಿ, ಪೈಪ್ ಬದಲಿ ಮಾಡೋದು ನರ್ಸ್ ಕೆಲಸ. ನಳಿಗಿ ಹೊರಗ ಬಂದ್ರ ಮನ್ಯಾಗ ತುರುಕಬ್ಯಾಡ್ರಿ, ಶ್ವಾಸನಾಳಕ್ಕ ಹೋದೀತು. ಮೂಗಿನ ಹತ್ರ ನಳಿಗಿ ಮ್ಯಾಲ ಪೆನ್ನಿನಿಂದ ಗುರುತು ಹಾಕಿಟ್ರ ಸರಿದದ್ದು ಗೊತ್ತಾಗತೈತಿ.

ಊಟ ಕೊಡುವಾಗ ತಲೀಕಡೆ 30–45 ಡಿಗ್ರಿ ಎತ್ರಿ, ಆಮ್ಯಾಲೂ ಅರ್ಧ ತಾಸು ಹಂಗ ಇರಲಿ. ಒಮ್ಮೆಗೆ 200 ಮಿ.ಲೀ. ಸಾಕು, ಸಿರಿಂಜ್ ಒತ್ತಬ್ಯಾಡ್ರಿ, ತಾನ ಇಳೀಲಿ. ಕಡೀಗೆ 30 ಮಿ.ಲೀ. ನೀರು ಬಿಡ್ರಿ. ಅಂಬಲಿ ಸೋಸದಿದ್ರ ನಳಿಗಿ ಕಟ್ಟತೈತಿ. ಗುಳಿಗಿನೂ ಅಷ್ಟ: ಹೊಟ್ಟಿ ಗ್ಯಾಸಿನ ಪ್ಯಾಂಟೊಪ್ರಜೋಲ್, ಹೆಸರಿನ ಮುಂದ ‘ಎಸ್‌ಆರ್’ (ನಿಧಾನಕ್ಕ ಕರಗೋವು) ಅಂತ ಇದ್ದವು ಅರೆದು ಪುಡಿ ಮಾಡೋವಲ್ಲ. ಬದಲಿ ಏನಂತ ಡಾಕ್ಟರ್ ಕಡೆ ಚೀಟಿ ಮ್ಯಾಲ ಬರೆಸ್ಕೊಳ್ರಿ.

ಮೂತ್ರದ ಚೀಲ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕ ತಾಗಬಾರ್ದು. ನಮ್ಮ ಬ್ಯಾಸಿಗ್ಯಾಗ ಮೂತ್ರ ಗಾಢ ಹಳದಿ ಆದ್ರ ನೀರು ಸಾಲ್ತಿಲ್ಲ ಅಂತ ತಿಳ್ಕೊಳ್ರಿ.

ಬಿದ್ದ ಕೈ ಹಿಡಿದು ಎಬ್ಬಿಸೋರೇ ಹೆಚ್ಚು. ಭುಜದ ಕೀಲು ಜಾರತೈತಿ! ಬೆನ್ನಿಗೆ ಕೈ ಕೊಟ್ಟು ಎಬ್ಬಿಸ್ರಿ, ಮಲಗಿದಾಗ ಆ ಕೈ ಕೆಳಗ ದಿಂಬು ಇಡ್ರಿ.

ಗಂಗಾವತಿ_ಸರ್ಜಿಕಲ್ಸ್: ಬೆನ್ನು ಹುಣ್ಣಾಗದಂತೆ ಗಾಳಿ ತುಂಬುವ ಏರ್ ಬೆಡ್ ತಂದರೂ ಎರಡು ತಾಸಿಗೊಮ್ಮೆ ಹೊರಳಿಸುವುದು ತಪ್ಪುವುದಿಲ್ಲ. ಅದರ ಮೇಲೆ ರೆಕ್ಸಿನ್ ಹಾಸಬೇಡಿ. ಬೆವರು ನಿಂತು ಚರ್ಮ ಬಿಡುತ್ತದೆ. ತೆಳು ಹತ್ತಿಯ ಒಂದೇ ಚಾದರ ಸಾಕು. ಕರೆಂಟ್ ಹೋದರೆ ಗಾಳಿ ಇಳಿಯುತ್ತದೆ, ಹಾಗಾಗಿ ಪಂಪನ್ನು ಇನ್ವರ್ಟರ್ ಲೈನಿಗೆ ಕೊಡಿ. ಹತ್ತು ವ್ಯಾಟ್ ಆಸುಪಾಸಷ್ಟೇ ತಿನ್ನುತ್ತದೆ. ಮಂಚ ಬಾಡಿಗೆಗೆ ಸಾಕು.

ನಿವೃತ್ತ_ಸುಬೇದಾರ್, ಬಳ್ಳಾರಿ: ಡಿಸ್ಚಾರ್ಜ್ ಸಾರಾಂಶದಲ್ಲಿ ‘ಹಾಸಿಗೆ ಹಿಡಿದಿದ್ದಾರೆ’ ಎಂದು ಸ್ಪಷ್ಟವಾಗಿ ಬರೆಸಿ, ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ಔಷಧಿ, ಸಲಕರಣೆ ಕೇಳುವಾಗ ಅದೇ ಆಧಾರ. ವೀಲ್‌ಚೇರ್‌ನಂಥವು ಬೇಕಿದ್ದರೆ ತಜ್ಞರ ಶಿಫಾರಸು ಮೊದಲು, ಖರೀದಿ ಆಮೇಲೆ. ರಾತ್ರಿ ತುರ್ತಾಗಿ ಇಸಿಎಚ್‌ಎಸ್ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಿದರೆ 48 ತಾಸಿನೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ, ತಡವಾದರೆ ಬಿಲ್ ಸಿಕ್ಕಿಹಾಕಿಕೊಳ್ಳುತ್ತದೆ.

‘ಆಯಾ ಖರ್ಚಿಗೆ ಸೇನೆ ದುಡ್ಡು ಕೊಡುತ್ತದೆ’ ಎನ್ನುವವರು ಸಿಗುತ್ತಾರೆ. ನಿರಂತರ ಪರಿಚಾರಕ ಭತ್ಯೆ ಎಂಬುದು ಇರುವುದು ಹೌದು, ಆದರೆ ಸೇವೆಯಿಂದಾದ ನೂರಕ್ಕೆ ನೂರು ಅಂಗವೈಕಲ್ಯದ ಪಿಂಚಣಿದಾರರಿಗೆ. ನಿವೃತ್ತಿಯಾಗಿ ವರ್ಷಗಳ ಮೇಲೆ ಬಂದ ಲಕ್ವಾಕ್ಕೆ ಅನ್ವಯಿಸದು.

ಮಾನ್ವಿ_ಓದುಗ: ಜೀವನ ಪ್ರಮಾಣ ಪತ್ರಕ್ಕೆ ಬ್ಯಾಂಕಿಗೆ ಹೊತ್ತುಕೊಂಡು ಹೋಗಬೇಕೇ ಸರ್?

ನಿವೃತ್ತ_ಸುಬೇದಾರ್, ಬಳ್ಳಾರಿ: ಬೇಡ. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿದರೆ ಆಯಿತು. ಮುಖಕ್ಕೆ ಬೆಳಕು ಬೀಳಲಿ, ಕಣ್ಣು ಮಿಟುಕಿಸಲು ಹೇಳಿ. ಪಿಂಚಣಿ ಸ್ಪರ್ಶ್‌ಗೆ (ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಬಂದಿದ್ದರೆ ವಿತರಣಾ ಸಂಸ್ಥೆ ಎಂಬಲ್ಲಿ ಹಳೆಯ ಬ್ಯಾಂಕ್ ಆರಿಸಬೇಡಿ, ‘ಸ್ಪರ್ಶ್ – ಪಿಸಿಡಿಎ (ಪೆನ್ಷನ್ಸ್) ಅಲಹಾಬಾದ್’ ಆರಿಸಿ. ಆ್ಯಪ್ ಕೈಕೊಟ್ಟರೆ ಪೋಸ್ಟ್‌ಮನ್‌ಗೆ ಹೇಳಿ, ಮನೆಗೇ ಬಂದು ಮಾಡಿಕೊಡುತ್ತಾರೆ.