ಬಾಯಲ್ಲಿ ಲೆಕ್ಕ ಸರಿ, ಓದಲು ಕೊಟ್ಟರೆ ಮೌನ: ಈ ಹುಡುಗನಿಗೆ ಹೇಗೆ ಕಲಿಸಲಿ?

ಪ್ರಶ್ನೆ (ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ)

ನಾಲ್ಕು ಮತ್ತು ಐದನೇ ತರಗತಿಯ 14 ಮಕ್ಕಳು ನನ್ನ ಒಂದೇ ಕೋಣೆಯಲ್ಲಿದ್ದಾರೆ. ನಾಲ್ಕನೆಯ ಒಬ್ಬ ಹುಡುಗ ಸಂತೆಯಲ್ಲಿ ಅವ್ವನ ಪಕ್ಕ ಕುಳಿತು ಹಸಿಮೆಣಸಿನಕಾಯಿ ಮಾರುತ್ತಾನೆ. ಮುಕ್ಕಾಲು ಕಿಲೋಗೆ ಎಷ್ಟು, ಇನ್ನೂರರ ನೋಟಿಗೆ ಚಿಲ್ಲರೆ ಎಷ್ಟು ಎಂದರೆ ಥಟ್ಟನೆ ಹೇಳುತ್ತಾನೆ. ಅದೇ ಲೆಕ್ಕವನ್ನು ಪುಸ್ತಕದಲ್ಲಿ ಓದಿ ಬಿಡಿಸು ಎಂದರೆ ತಲೆ ತಗ್ಗಿಸುತ್ತಾನೆ. ‘ಧ’ ಮತ್ತು ‘ಥ’ ಅದಲುಬದಲಾಗುತ್ತವೆ. ಒತ್ತಕ್ಷರ ಬಂದರೆ ಇಡೀ ಪದವನ್ನೇ ನುಂಗಿಬಿಡುತ್ತಾನೆ. ಮೂರನೆಯವರೆಗೆ ನಲಿಕಲಿ ಎಂಬ ಚಟುವಟಿಕೆ ಆಧಾರಿತ ಪದ್ಧತಿಯಲ್ಲಿ ಕಲಿಕಾ ಕಾರ್ಡು ಹಿಡಿದು ತನ್ನ ಮೆಟ್ಟಿಲನ್ನು ತಾನೇ ಹತ್ತಿದವನು. ಈಗ ಎಲ್ಲರಿಗೂ ಒಂದೇ ಪುಟ. ಅವನಿಗೆ ಮಾತ್ರ ಬೇರೆ ರೀತಿ ಕಲಿಸಿದರೆ ಉಳಿದವರಿಗೆ ಅನ್ಯಾಯವಾಗುತ್ತದೆಯೇ? ಮೌಲ್ಯಮಾಪನದಲ್ಲಿ ಬಾಯಲ್ಲಿ ಕೇಳಬಹುದೇ?

ಉತ್ತರ (ನಲಿಕಲಿ ಶಿಕ್ಷಕ)

ಅನ್ಯಾಯದ ಮಾತೇ ಬೇಡ ಮೇಡಂ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಯ ತಿರುಳೇ ಪ್ರತಿ ಮಗುವಿಗೂ ಅದರದೇ ವೇಗ ಎಂಬುದು. ಕಾರ್ಡು ಮೂರನೆಯ ತರಗತಿಗೆ ಮುಗಿಯಬಹುದು, ಗುಂಪು ಮುಗಿಯಬೇಕಿಲ್ಲ. ನಾನು ಐದನೇ ತರಗತಿಯಲ್ಲೂ ಶಿಕ್ಷಕ ಬೆಂಬಲಿತ, ಗೆಳೆಯರ ಬೆಂಬಲಿತ, ಸ್ವಕಲಿಕೆ ಎಂದು ಗುಂಪು ಮಾಡಿ ಮಕ್ಕಳನ್ನು ಕೂರಿಸುತ್ತೇನೆ. ಅಕ್ಷರಕ್ಕೆ ಹೀಗೆ ಮಾಡಿ: ಅಗಲ ತಟ್ಟೆಯಲ್ಲಿ ರಾಗಿ ಹರಡಿ, ಬೆರಳಿನಿಂದ ‘ಧ’ ಬರೆಸಿ, ಬರೆಯುತ್ತಲೇ ಹೇಳಿಸಿ. ಒಂದು ವಾರ ‘ಧ’ ಒಂದೇ. ಎರಡನ್ನೂ ಒಟ್ಟಿಗೆ ಕೊಟ್ಟರೆ ಗೊಂದಲವೇ ಗಟ್ಟಿಯಾಗುತ್ತದೆ.

ಉತ್ತರ (ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕಿ)

ಮೊದಲು ಕಣ್ಣು, ಕಿವಿ ತಪಾಸಣೆ ಮಾಡಿಸಿ. ಕಲಿಕಾ ನ್ಯೂನತೆ ಎಂಬ ಹಣೆಪಟ್ಟಿಯನ್ನು ನಾವೇ ಅಂಟಿಸಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಅದೂ ಸೇರಿದೆ, ಆದರೆ ಅದನ್ನು ಗುರುತಿಸುವುದು ತಜ್ಞರ ಕೆಲಸ. ನಿಮ್ಮ ಬ್ಲಾಕಿನ ಸಂಪನ್ಮೂಲ ಕೇಂದ್ರಕ್ಕೆ ತಿಳಿಸಿ. ತರಗತಿಯ ಮೌಲ್ಯಮಾಪನದಲ್ಲಿ ಧಾರಾಳವಾಗಿ ಬಾಯಲ್ಲಿ ಕೇಳಿ. ನೀವು ಅಳೆಯುತ್ತಿರುವುದು ಅವನ ಗಣಿತವನ್ನು, ಓದನ್ನಲ್ಲ.

ಪ್ರಶ್ನೆ ಕೇಳಿದ ಶಿಕ್ಷಕಿ, ಹನ್ನೆರಡು ದಿನಗಳ ನಂತರ

ಇಬ್ಬರಿಗೂ ಕೃತಜ್ಞತೆಗಳು. ಕಣ್ಣಿನ ತಪಾಸಣೆಗೆ ಅವನ ಅವ್ವ ಒಪ್ಪಿದ್ದಾರೆ. ಸಂತೆಯಿಲ್ಲದ ದಿನ ಕರೆದೊಯ್ಯುತ್ತೇವೆ. ಲೆಕ್ಕವನ್ನು ಈಗ ಪಕ್ಕದ ಹುಡುಗಿ ಓದಿ ಹೇಳುತ್ತಾಳೆ, ಇವನು ಬಿಡಿಸುತ್ತಾನೆ, ಆಮೇಲೆ ಅವಳಿಗೇ ವಿವರಿಸುತ್ತಾನೆ. ಒಂದು ವಾರ ‘ಧ’ ಮಾತ್ರ ಬರೆಸಿದೆ. ನಿನ್ನೆ ರಾಗಿಯಲ್ಲಿ ‘ಧ’ ಬರೆದು, ಜೇಬಿನಿಂದ ಒಂದು ಹುರುಳಿಕಾಳು ತೆಗೆದು ಅದರ ಹೊಟ್ಟೆಯೊಳಗೆ ಇಟ್ಟು, “ಈಗ ಇದು ಥ, ಮಿಸ್” ಎಂದ. ನಾನು ಹೇಳಿಕೊಟ್ಟಿರಲಿಲ್ಲ. ಇಂದು ಉಳಿದ ಮಕ್ಕಳೂ ರಾಗಿ ತಟ್ಟೆ ಬೇಕೆಂದು ಹಟ ಹಿಡಿದಿದ್ದಾರೆ. ಒತ್ತಕ್ಷರವನ್ನು ಯಾವುದರಿಂದ ಶುರುಮಾಡಲಿ? ‘ಅಕ್ಕ’, ‘ಅಪ್ಪ’ದಂತಹ ಸಜಾತಿಯದು, ಅಂದರೆ ಅಕ್ಷರಕ್ಕೆ ಅದರದೇ ಒತ್ತು ಬರುವುದು, ಮೊದಲು ಎಂದುಕೊಂಡಿದ್ದೇನೆ.